ವಕೀಲಮ್ಮ ಕೇಳದೆ ಬಿಟ್ಟ ಪ್ರಶ್ನೆಗಳು

ವಕೀಲಮ್ಮ ಜನ್ಮದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ. ಸೈಕಲ್ ಅಂಗಡಿಯ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಓಡುವವರ, ಈಜುವವರ, ಚೆಂಡು ಒದೆಯುವವರ ಕೈಕಾಲು ತಿಕ್ಕಿ ಸರಿಮಾಡುವುದು ಅವಳ ಕಸುಬು. ಬಾಗಿಲ ಮೇಲೆ ‘ಸ್ಪೋರ್ಟ್ಸ್ ಮಸಾಜ್’ ಎಂಬ ಫಲಕವೂ ಇದೆ. ಆದರೆ ಒಂದು ಸಮಯ ಕೊಡಿ ಎಂದು ಫೋನ್ ಮಾಡಿದ ಪಾಪದವರನ್ನು ಅವಳು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಹಾಕುತ್ತಿದ್ದ ರೀತಿ ನೋಡಿ ಕೆಳಗಿನ ಸೈಕಲ್ ಅಂಗಡಿಯವನು ಈ ಹೆಸರಿಟ್ಟ. ಹೆಸರು ಊರೆಲ್ಲ ಹಬ್ಬಿತು. ಅವಳ ನಿಜವಾದ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿಯಿತು.

“ನೋವು ಎಲ್ಲಿ?”

“ಕಾಲಲ್ಲಿ.”

“ಕಾಲು ಸೊಂಟದಿಂದ ಹೆಬ್ಬೆರಳಿನ ತನಕ ಇದೆ. ಅದರಲ್ಲಿ ಎಲ್ಲಿ? ಎಷ್ಟು ದಿನದಿಂದ? ಬಿದ್ದಿದ್ರಾ? ಜ್ವರ ಇದೆಯಾ? ಮಾತ್ರೆ ಏನಾದ್ರೂ ತಗೋತೀರಾ? ಪಂದ್ಯ ಯಾವಾಗ?”

“ನಾಳೆ ಬೆಳಿಗ್ಗೆ.”

“ಹಾಗಾದ್ರೆ ನಾಡಿದ್ದು ಫೋನ್ ಮಾಡಿ.”

ಫೋನ್ ಕಟ್. ಪಂದ್ಯದ ಹಿಂದಿನ ದಿನ ಗಟ್ಟಿಯಾಗಿ ಒತ್ತಿಸಿಕೊಂಡವನ ಕಾಲು ಮರುದಿನ ಒದೆ ತಿಂದವನ ಕಾಲಿನಂತಿರುತ್ತದೆ. ಒತ್ತಿಸಿಕೊಳ್ಳುವುದಿದ್ದರೆ ಮೂರು ನಾಲ್ಕು ದಿನ ಮೊದಲೇ ಬರಬೇಕು. ಇದನ್ನು ಅವಳು ಇಪ್ಪತ್ತು ವರ್ಷದಿಂದ ಹೇಳುತ್ತಲೇ ಇದ್ದಾಳೆ, ಜನ ಇಪ್ಪತ್ತು ವರ್ಷದಿಂದ ಹಿಂದಿನ ದಿನವೇ ಫೋನ್ ಮಾಡುತ್ತಲೇ ಇದ್ದಾರೆ. ಒಮ್ಮೆ ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಗೋಲ್‌ಕೀಪರ್ ಒಬ್ಬ ಹೊಟ್ಟೆ ಬಿರಿಯುವಷ್ಟು ಊಟ ಮಾಡಿ ನೇರವಾಗಿ ಬಂದು ಮಂಚದ ಮೇಲೆ ಬೋರಲು ಮಲಗಿ “ಇನ್ನೂ ಜೋರು, ಇನ್ನೂ ಜೋರು” ಎಂದು ಸವಾಲು ಹಾಕಿದ. ನೋವಾದಷ್ಟೂ ಕೆಲಸ ಚೆನ್ನಾಗಿ ಆಗುತ್ತಿದೆ ಎಂದು ನಂಬಿದವರ ಪೈಕಿ ಅವನು. ಆಮೇಲೆ ಏನಾಯಿತು ಎಂದು ನಾನು ಹೇಳುವುದಿಲ್ಲ. ಅಂದಿನಿಂದ ಅವಳ ಪ್ರಶ್ನೆಗಳ ಸಾಲಿಗೆ ‘ಊಟ ಎಷ್ಟು ಹೊತ್ತಿಗೆ?’ ಎಂಬುದು ಸೇರಿತು ಎಂದರೆ ಸಾಕು.

ಈ ಕಸುಬಿಗೆ ಬರುವ ಮೊದಲು ಅವಳು ಹನ್ನೊಂದು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದವಳು. ಮೂಟೆಗಟ್ಟಲೆ ಹಿಟ್ಟು ನಾದಿದ ಕೈಗೆ ಮನುಷ್ಯರ ತೊಡೆ ಯಾವ ಲೆಕ್ಕ? ಬೇಕರಿ ಬಿಟ್ಟು ಮಸಾಜು ಕಲಿಯುತ್ತೇನೆ ಎಂದಾಗ ನೆಂಟರೆಲ್ಲ ಮೂಗು ಮುರಿದರು. ಮುರಿಯದವಳು ಅಕ್ಕ ಒಬ್ಬಳೇ. ಅವಳು ಏನೂ ಮಾತಾಡದೆ ತನ್ನ ಹೊಲಿಗೆ ಯಂತ್ರದಲ್ಲಿ ಮಸಾಜ್ ಮಂಚಕ್ಕೆ ರೆಕ್ಸಿನ್ ಹೊದಿಕೆ ಹೊಲಿದು, ಮುಖ ಇಡುವ ಕಡೆ ಅಚ್ಚುಕಟ್ಟಾಗಿ ಒಂದು ಗುಂಡು ತೂತು ಕತ್ತರಿಸಿ ತಂದುಕೊಟ್ಟಳು. ಹನ್ನೆರಡು ವರ್ಷ ದೊಡ್ಡವಳು ಅಕ್ಕ. ತಾಯಿಯಿಲ್ಲದ ಮನೆಯಲ್ಲಿ ತಂಗಿಯ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ತಪ್ಪು ಮಾಡಿದಾಗ ಕಿವಿ ಹಿಂಡಿದವಳೂ ಅವಳೇ. ಇಷ್ಟೆಲ್ಲ ಮಾಡಿ ಪ್ರತಿಯಾಗಿ ಒಂದು ದಿನ ಒಂದು ಲೋಟ ನೀರು ಕೊಡು ಎಂದೂ ಕೇಳಿರಲಿಲ್ಲ. ಕೇಳದೇ ಇರುವವರು ಕೊನೆಗೊಮ್ಮೆ ಕೇಳಿದಾಗ ಇಲ್ಲ ಎನ್ನುವುದು ಎಷ್ಟು ಕಷ್ಟ ಎಂಬುದು ವಕೀಲಮ್ಮನಿಗೆ ಆ ವಾರ ಗೊತ್ತಾಯಿತು.

ಅಕ್ಕನಿಗೆ ಒಬ್ಬ ಬೀಗಿತ್ತಿ ಇದ್ದರು. ಅಕ್ಕನ ಮಗ ಮದುವೆಯಾದ ಹುಡುಗಿಯ ತಾಯಿ. ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಕೆಲಸದಿಂದ ನಿವೃತ್ತರಾಗಿದ್ದರು, ಗಂಟಲು ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ. ನಾವೂ ಅವರನ್ನು ಡ್ರಿಲ್ ಟೀಚರ್ ಎಂದೇ ಕರೆಯೋಣ. ಮದುವೆಯ ದಿನದಿಂದ ಇವರಿಬ್ಬರೂ ಸಕ್ಕರೆ ಸುರಿದಂತೆ ಮಾತಾಡಿಕೊಂಡು, ಬೆನ್ನ ಹಿಂದೆ ಕಾಲು ಕೆರೆದು ಜಗಳಕ್ಕೆ ತಯಾರಾಗಿದ್ದರು. ಜಗಳಕ್ಕೆ ವಿಷಯ ಒದಗಿಸಿದ್ದು ಆರು ವರ್ಷದ ಮೊಮ್ಮಗಳು. ರಜೆಯ ಹದಿನೈದು ದಿನ ಅವಳು ಯಾವ ಅಜ್ಜಿಯ ಮನೆಯಲ್ಲಿರಬೇಕು? ಏಳೂವರೆ ದಿನ ಅಲ್ಲಿ, ಏಳೂವರೆ ದಿನ ಇಲ್ಲಿ ಎಂದು ಒಮ್ಮೆ ಹಂಚಿ ನೋಡಿದ್ದಾಯಿತು. ಆ ಅರ್ಧ ದಿನ ಬೆಳಗಿನದೋ ಸಂಜೆಯದೋ ಎಂದು ಇಬ್ಬರೂ ಮೂರು ತಿಂಗಳು ಮಾತು ಬಿಟ್ಟರು. ಮಗ ಸೊಸೆ ಕೈಮುಗಿದು, ನೀವೇ ಏನಾದರೂ ತೀರ್ಮಾನ ಮಾಡಿಕೊಳ್ಳಿ ಎಂದರು.

ತೀರ್ಮಾನ ಹೀಗಾಯಿತು: ಮೈದಾನದಲ್ಲಿ ವರ್ಷಕ್ಕೊಮ್ಮೆ ನಲವತ್ತೈದು ದಾಟಿದವರಿಗಾಗಿ ನಡೆಯುವ ಆರು ಸುತ್ತಿನ ನಡಿಗೆ ಪಂದ್ಯದಲ್ಲಿ ಯಾರು ಮುಂದೆ ಬರುತ್ತಾರೋ ಮೊಮ್ಮಗಳು ಅವರ ಮನೆಗೆ. ಕಳೆದ ಮೂರು ವರ್ಷವೂ ಡ್ರಿಲ್ ಟೀಚರೇ ಮುಂದೆ ಬಂದರು. ಮೂವತ್ತೈದು ವರ್ಷ ಹೊಲಿಗೆ ಯಂತ್ರ ತುಳಿದ ಅಕ್ಕನ ಕಾಲುಗಳು ಕಬ್ಬಿಣದಂತಿದ್ದರೂ ಕೊನೆಯ ಸುತ್ತಿನಲ್ಲಿ ಅವಳಿಗೆ ಉಸಿರು ಕೈಕೊಡುತ್ತಿತ್ತು. ಮೂರು ರಜೆ ಅವಳು ಮೊಮ್ಮಗಳ ಅಳತೆಗೆಂದು ಫ್ರಾಕು ಹೊಲಿದಿಟ್ಟು ಕಾದು, ಮಗು ಬರುವ ಹೊತ್ತಿಗೆ ಅದು ಬಿಗಿಯಾಗಿ, ಮತ್ತೆ ಬಿಚ್ಚಿ ಹೊಲಿದಿದ್ದಳು. ಅವಳ ಸಂಕಟ ಸುಳ್ಳಲ್ಲ.

ಬುಧವಾರ ಸಂಜೆ ಅಕ್ಕ ಮೆಟ್ಟಿಲು ಹತ್ತಿ ಬಂದಳು.

“ಬೀಗಿತ್ತಿಗೆ ಒಂದು ಉಡುಗೊರೆ ಕೊಡ್ಬೇಕು ಅಂತಿದ್ದೀನಿ ಕಣೇ. ನಿನ್ನ ಹತ್ರ ಒಂದು ಗಂಟೆ ಮಸಾಜು. ದುಡ್ಡು ನನ್ನದು.”

ವಕೀಲಮ್ಮನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. “ಅದೇನು ಇದ್ದಕ್ಕಿದ್ದ ಹಾಗೆ ಪ್ರೀತಿ? ಸರಿ, ಮುಂದಿನ ವಾರ ಕಳಿಸು.”

“ಮುಂದಿನ ವಾರ ಅಲ್ಲ. ಶನಿವಾರ ಮಧ್ಯಾಹ್ನ.”

“ಭಾನುವಾರ ಪಂದ್ಯ ಇದೆಯಲ್ಲೇ ಅಕ್ಕ!”

“ಅದಕ್ಕೇ ಶನಿವಾರ,” ಎಂದಳು ಅಕ್ಕ, ಕಿಟಕಿಯ ಹೊರಗೆ ನೋಡುತ್ತ. “ಎಲ್ಲರಿಗೂ ಬೇಡ ಬೇಡ ಅಂತೀಯಲ್ಲ, ಅದನ್ನ ಇವರಿಗೆ ಮಾಡು. ಮೀನಖಂಡಾನ ಚೆನ್ನಾಗಿ ನಾದು. ಬೇಕರಿ ನೆನಪು ಮಾಡ್ಕೊಂಡು ನಾದು. ಯಾರ ಜೀವಾನೂ ಹೋಗಲ್ಲ, ಎರಡು ದಿನ ಕಾಲು ನೋಯುತ್ತೆ ಅಷ್ಟೆ ತಾನೆ? ನೀನೇ ಹೇಳ್ತೀಯಲ್ಲ.”

ವಕೀಲಮ್ಮ ಬೈದಳು, ನಕ್ಕಳು, ಹೊರಗೆ ಹೋಗು ಎಂದಳು. ಅಕ್ಕ ಹೋಗಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಸವೆದ ರೆಕ್ಸಿನ್ನಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ, “ನಿನ್ನ ಇದುವರೆಗೂ ಏನೂ ಕೇಳಿಲ್ಲ ನಾನು,” ಎಂದಳು. ಅಷ್ಟೇ. ಅಲ್ಲಿಗೆ ವಕೀಲಮ್ಮನ ವಾದ ಮುಗಿಯಿತು.

ಮರುದಿನ ಡ್ರಿಲ್ ಟೀಚರ್ ಫೋನ್ ಮಾಡಿದರು. ಪುಕ್ಕಟೆ ಮಸಾಜಿನ ಸುದ್ದಿ ಕೇಳಿ ಅವರ ದನಿ ಮೈದಾನದ ಆ ತುದಿಗೂ ಕೇಳುವಂತಿತ್ತು. ಶನಿವಾರ ಒಂದು ಗಂಟೆಗೆ ಬರುತ್ತೇನೆ, ಸರಿ ತಾನೆ?

ಇಲ್ಲಿ ವಕೀಲಮ್ಮ ಇಪ್ಪತ್ತು ವರ್ಷದಲ್ಲಿ ಮಾಡದ ಕೆಲಸ ಮಾಡಿದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಿದರೆ ಪಂದ್ಯ ಯಾವಾಗ ಎಂದು ಕೇಳಬೇಕು, ಭಾನುವಾರ ಎಂಬ ಉತ್ತರ ಬರುತ್ತದೆ, ಬಂದ ಮೇಲೆ ಬೇಡ ಎನ್ನಲೇಬೇಕು. ಕೇಳದಿದ್ದರೆ ತನಗೆ ಗೊತ್ತಿಲ್ಲ! ಗೊತ್ತಿದ್ದೂ ಗೊತ್ತಿಲ್ಲದವರ ಹಾಗಿರುವ ಈ ಉಪಾಯವನ್ನು ದೊಡ್ಡ ದೊಡ್ಡ ಕುರ್ಚಿಯಲ್ಲಿ ಕೂತವರು ದಿನಾ ಮಾಡುತ್ತಾರೆ. ಇವಳಿಗೆ ಅಭ್ಯಾಸವಿರಲಿಲ್ಲ. “ಸರಿ, ಬನ್ನಿ,” ಎಂದು ಫೋನಿಟ್ಟಳು.

ಶನಿವಾರ ಒಂದು ಗಂಟೆಗೆ ಸರಿಯಾಗಿ ಡ್ರಿಲ್ ಟೀಚರ್ ಬಂದರು. ಮೆಟ್ಟಿಲು ಹತ್ತಲು ಕೊಂಚ ಹೆಚ್ಚೇ ಹೊತ್ತು ತೆಗೆದುಕೊಂಡದ್ದನ್ನು ವಕೀಲಮ್ಮ ಬೇಕೆಂದೇ ಗಮನಿಸಲಿಲ್ಲ. ಅವರು ಅರ್ಧ ಚಡ್ಡಿ ತೊಟ್ಟು, ಟವೆಲ್ ಹೊದ್ದು, ತೂತಿನಲ್ಲಿ ಮುಖವಿಟ್ಟು ಮಲಗಿದರು.

“ಕಾಲು ಸಡಿಲ ಬಿಡಿ.”

“ಸಡಿಲ ಬಿಡೋದು ಅಂದ್ರೇನು ಅಂತ ನಲವತ್ತು ವರ್ಷದಲ್ಲಿ ಯಾರಿಗೂ ನಾನು ಕಲಿಸಿಲ್ಲಮ್ಮ,” ಎಂದು ತೂತಿನೊಳಗಿಂದ ಉತ್ತರ ಬಂತು.

ವಕೀಲಮ್ಮ ಎಣ್ಣೆ ಸುರಿದುಕೊಂಡು ಅಂಗೈ ಉಜ್ಜಿದಳು. ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ಇದೊಂದು ಸಲ, ಅಕ್ಕನಿಗಾಗಿ, ನಾದಿಬಿಡುವುದು. ಆದರೆ ಅವಳ ಕೈಗಳಿಗೆ ತಮ್ಮದೇ ಒಂದು ಚಾಳಿಯಿತ್ತು. ಬೇಕರಿಯಲ್ಲಿ ಹಿಟ್ಟು ಮುಟ್ಟಿದ ಕೂಡಲೇ ಅದು ಎಷ್ಟು ಬೆಚ್ಚಗಿದೆ ಎಂದು ನೋಡಿ ಕಲಿತ ಕೈಗಳು ಮೊದಲು ಎರಡೂ ಕಾಲಿನ ಮೇಲೆ ಒಂದೊಂದು ಅಂಗೈಯನ್ನು ಹಗುರವಾಗಿ ಇಟ್ಟು ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರುತ್ತಿದ್ದವು. ಇಂದೂ ಹಾಗೇ ಇದ್ದವು.

ಬಲಗಾಲು ಕಾಲಿನ ಹಾಗಿತ್ತು. ಎಡಗಾಲಿನ ಮೀನಖಂಡ ಬಿಸಿಯಾಗಿತ್ತು. ದಪ್ಪಗಾಗಿತ್ತು, ಬಿಗಿದುಕೊಂಡಿತ್ತು, ಚರ್ಮ ಹೊಳೆಯುತ್ತಿತ್ತು.

ವಕೀಲಮ್ಮ ಬೆಂಕಿ ಮುಟ್ಟಿದಂತೆ ಕೈ ಎತ್ತಿಕೊಂಡಳು.

“ಇದು ಎಷ್ಟು ದಿನದಿಂದ ಹೀಗಿದೆ?”

“ಯಾವುದು? ಏನೂ ಇಲ್ಲ. ಒತ್ತಮ್ಮ ನೀನು.”

“ಇತ್ತೀಚೆಗೆ ದೂರ ಪ್ರಯಾಣ ಮಾಡಿದ್ರಾ? ಎದೆ ನೋವು, ಏದುಸಿರು?”

“ಇಲ್ಲ, ಇಲ್ಲ, ಇಲ್ಲ. ಪ್ರಶ್ನೆ ಇಲ್ಲದೆ ಬುಕ್ ಮಾಡ್ಕೊಂಡೆ, ಪುಣ್ಯ ಅಂದ್ಕೊಂಡಿದ್ದೆ. ಈಗ ಶುರು ಮಾಡಿದ್ಯಾ?”

“ನಾನು ಮುಟ್ಟಲ್ಲ. ಏಳಿ, ಈಗಲೇ ಆಸ್ಪತ್ರೆಗೆ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಹೀಗೇ ಇರುತ್ತೆ.”

ಡ್ರಿಲ್ ಟೀಚರ್ ಎದ್ದು ಕೂತರು. ತೂತಿನ ಅಂಚು ಮುಖದ ಸುತ್ತ ಗುಂಡಗೆ ಅಚ್ಚೊತ್ತಿತ್ತು. ಆ ಚೌಕಟ್ಟಿನೊಳಗೆ ಒಂದು ನಗು ಮೂಡಿತು. “ಓಹೋ! ಅಕ್ಕ ತಂಗಿ ಸೇರಿ ಹೂಡಿರೋ ಆಟ ಇದು. ಉಡುಗೊರೆ ಅಂತ ಕರೆಸಿ, ಆಸ್ಪತ್ರೆಗೆ ಸೇರಿಸಿ, ನಾಳೆ ಪಂದ್ಯ ತಪ್ಪಿಸೋದು. ನನ್ನ ಹತ್ರ ನಡಿಯಲ್ಲ!”

ನೋಡಿ ಗ್ರಹಚಾರ. ಆಟ ಹೂಡಿದ್ದು ನಿಜ. ಆದರೆ ಆಟವನ್ನು ಉಡುಗೊರೆ ಎಂದು ನಂಬಿದವರು ಈಗ ಸತ್ಯವನ್ನು ಆಟ ಎನ್ನುತ್ತಿದ್ದಾರೆ. ಡ್ರಿಲ್ ಟೀಚರ್ ತೊಟ್ಟುಕೊಳ್ಳಲು ಪ್ಯಾಂಟು ಎತ್ತಿಕೊಂಡಾಯಿತು. ಇನ್ನೆರಡು ನಿಮಿಷಕ್ಕೆ ಮೆಟ್ಟಿಲಿಳಿದು, ಪಂದ್ಯಕ್ಕೆಂದು ಮೈದಾನದಲ್ಲಿ ಇನ್ನೂ ನಾಲ್ಕು ಸುತ್ತು ಹಾಕಿ ಬರುವ ಪೈಕಿ. ವಕೀಲಮ್ಮ ಹಿಂದೆಮುಂದೆ ನೋಡದೆ ಒಂದು ಹಾಳೆ ಎಳೆದು ಬರೆದಳು: ‘ಡಾಕ್ಟರು ಕಾಲಿಗೆ ಏನೂ ಆಗಿಲ್ಲ ಎಂದರೆ ಮೊಮ್ಮಗಳು ಈ ರಜೆಗೂ ಮುಂದಿನ ರಜೆಗೂ ಇವರ ಮನೆಗೆ. ಅಕ್ಕನ ಪರವಾಗಿ ತಂಗಿ.’ ಸಹಿ ಹಾಕಿ ಚಾಚಿದಳು.

ಡ್ರಿಲ್ ಟೀಚರ್ ಎರಡು ಸಲ ಓದಿದರು. “ಎರಡು ರಜೆ?”

“ಎರಡು.”

“ಆಸ್ಪತ್ರೆ ಎಲ್ಲಿದೆ?”

ಸೈಕಲ್ ಅಂಗಡಿಯವನ ಡೆಲಿವರಿ ವ್ಯಾನು ಕೆಳಗೇ ನಿಂತಿತ್ತು. ಅಂಗಡಿಯೊಳಗೆ ಅಕ್ಕನೂ ಇದ್ದಳು. ಸೈಕಲ್ಲೇ ಇಲ್ಲದ ಅವಳು ಒಂದು ಗಂಟೆಯಿಂದ ಸೈಕಲ್ ಬೆಲ್ಲು ಆರಿಸುತ್ತಿದ್ದಳು. ಬೀಗಿತ್ತಿ ಬಾತುಕೋಳಿಯ ಹಾಗೆ ಇಳಿದು ಬರುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಬೀಗಿತ್ತಿ ತಂಗಿಯ ಹೆಗಲಿಗೆ ತೂಗಿಬಿದ್ದು ಇಳಿದದ್ದನ್ನು ನೋಡಿ ಅವಳ ಕೈಯಲ್ಲಿದ್ದ ಬೆಲ್ಲು ಟ್ರಿಣ್ ಎಂದಿತು. ಎರಡು ಹೊಸ ಸೈಕಲ್ಲುಗಳ ನಡುವೆ ಕಾಲು ಚಾಚಿ ಕೂತ ಡ್ರಿಲ್ ಟೀಚರ್ ದಾರಿಯಲ್ಲಿ ಹೆಮ್ಮೆಯಿಂದ ಹಾಳೆ ತೋರಿಸಿದರು.

“ನನ್ನ ಮೊಮ್ಮಗಳನ್ನ ಬರೆದುಕೊಟ್ಟೆಯೇನೇ?” ಅಕ್ಕ ಕಿರುಚಿದಳು.

“ಬಾಯಿ ಮುಚ್ಕೊಂಡು ಕೂತ್ಕೋ,” ಎಂದಳು ತಂಗಿ, ಹುಟ್ಟಿದ ಮೇಲೆ ಮೊದಲ ಸಲ. ಅಕ್ಕ ಮುಚ್ಚಿಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವಳು, ಅದೇ ಪ್ರಶ್ನೆಗಳನ್ನು ಕೇಳಿದಳು. ಡ್ರಿಲ್ ಟೀಚರ್ ಅವೇ ಉತ್ತರ ಕೊಟ್ಟರು. ಕುಂಟುತ್ತೀರಾ? ಇಲ್ಲ. ಪ್ರಯಾಣ? ಇಲ್ಲ. ನೋವು? ನೋವಾ, ನನಗಾ? ಎರಡು ರಜೆಯ ಆಸೆ ಅವರನ್ನು ಬಂಡೆಯ ಹಾಗೆ ಮಾಡಿತ್ತು. ಡಾಕ್ಟರು ಬರೆದುಕೊಳ್ಳುತ್ತಿದ್ದಂತೆ ಮೂಲೆಯಿಂದ ಅಕ್ಕನ ದನಿ ಬಂತು.

“ಸುಳ್ಳು, ಡಾಕ್ಟ್ರೇ. ಕಳೆದ ಸೋಮವಾರ ತಮ್ಮನ ಊರಿಂದ ಹದಿನಾಲ್ಕು ಗಂಟೆ ಬಸ್ಸಲ್ಲಿ ಕೂತು ಬಂದಿದ್ದಾರೆ. ದಿನಾ ಬೆಳಿಗ್ಗೆ ಆರೂ ಕಾಲಿಗೆ ನಾಲ್ಕು ಸುತ್ತು ನಡೀತಾರೆ, ಮಂಗಳವಾರ ಎರಡಕ್ಕೇ ನಿಂತ್ರು. ಎಡಗಾಲು ಎಳೀತಿದ್ರು. ಬುಧವಾರ ಬೆಂಚಿನ ಮೇಲೆ ಕೂತು ಅದೇ ಕಾಲನ್ನ ಒತ್ತಿಕೊಳ್ತಿದ್ರು. ಗುರುವಾರ ಎಡಗಾಲಿನ ಶೂ ದಾರ ಸಡಿಲ ಕಟ್ಟಿದ್ರು.”

ಡಾಕ್ಟರು ತಲೆಯೆತ್ತಿದಳು. “ನೀವು ಇವರಿಗೆ ಏನಾಗ್ಬೇಕು?”

“ಬೀಗಿತ್ತಿ.”

“ಇಷ್ಟು ಕಾಳಜಿ ಇರೋ ಬೀಗಿತ್ತಿನ ನಾನು ಎಲ್ಲೂ ನೋಡಿಲ್ಲ,” ಎಂದು ಆ ಹುಡುಗಿ ಮೆಚ್ಚಿಕೊಂಡು ಸ್ಕ್ಯಾನಿಂಗಿಗೆ ಕಳಿಸಿದಳು. ಅಕ್ಕನ ಮುಖ ಮಾತ್ರ ಯಾರೋ ಕಪಾಳಕ್ಕೆ ಹೊಡೆದ ಹಾಗಾಗಿತ್ತು.

ಸ್ಕ್ಯಾನಿಂಗಿನಲ್ಲಿ ಹೆಪ್ಪುಗಟ್ಟಿದ ರಕ್ತ ಕಾಣಿಸಿತು. ಹೊತ್ತಿಗೆ ಸರಿಯಾಗಿ ಬಂದಿರಿ, ಇಂಜೆಕ್ಷನ್ ಕೊಡುತ್ತೇವೆ, ನಾಲ್ಕು ದಿನ ಇಲ್ಲೇ ಇರಲಿ ಎಂದಳು ಡಾಕ್ಟರು. ಆಮೇಲೆ ವಕೀಲಮ್ಮನ ಕಡೆ ತಿರುಗಿ, “ಮುಟ್ಟದೇ ಇದ್ದದ್ದು ಒಳ್ಳೇದಾಯ್ತು. ಜೋರಾಗಿ ಒತ್ತಿದ್ರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದಿತ್ತು. ಆಮೇಲೆ ನಮ್ಮ ಕೈಯಲ್ಲೂ ಏನೂ ಇರ್ತಿರ್ಲಿಲ್ಲ,” ಎಂದಳು.

ಅಕ್ಕನಿಗೆ ಅಳು ಬಂತು. ಡಾಕ್ಟರು ಹೋದ ಮೇಲೆ ಡ್ರಿಲ್ ಟೀಚರ್ ಹಾಸಿಗೆಯಿಂದ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದರು. “ಮಂಗಳವಾರದಿಂದ ನೋಡ್ತಾ ಇದ್ರಾ?”

“ನೋಡ್ತಾ ಇದ್ದೆ,” ಎಂದಳು ಅಕ್ಕ. “ನೋಡಿ ಖುಷಿಪಟ್ಟೆ. ಭಾನುವಾರದೊಳಗೆ ವಾಸಿಯಾಗ್ಬಿಟ್ರೆ ಅಂತ ಹೆದರಿಕೆ ಆಯ್ತು. ಅದಕ್ಕೇ ಉಡುಗೊರೆ ಕೊಟ್ಟೆ. ನಾಳೆ ಏಳೋಕಾಗದ ಹಾಗೆ ಒತ್ತು ಅಂತ ಇವಳಿಗೆ ಹೇಳಿದ್ದೆ. ಇವಳು ಒತ್ತಲಿಲ್ಲ. ಇವಳು ನನ್ನ ಹಾಗಲ್ಲ.”

ಡ್ರಿಲ್ ಟೀಚರ್ ವಕೀಲಮ್ಮನ ಕೈ ಹಿಡಿದು, “ನೀನೊಬ್ಬಳು ಪ್ರಾಮಾಣಿಕಳು ಕಣಮ್ಮ,” ಎಂದಾಗ ಆ ಕೈಯನ್ನು ಎಲ್ಲಾದರೂ ಬಿಸಾಡಿಬಿಡೋಣ ಎನ್ನಿಸಿತು ಅವಳಿಗೆ.

ಆಮೇಲೆ ಡ್ರಿಲ್ ಟೀಚರ್ ಅಳುತ್ತಿದ್ದ ಬೀಗಿತ್ತಿಯ ಕಡೆ ತಿರುಗಿದರು. ನಲವತ್ತು ವರ್ಷ ಶಿಕ್ಷೆ ಕೊಟ್ಟು ಪಳಗಿದ ದನಿ. “ಅಳು ನಿಲ್ಲಿಸಿ. ನಾಳೆ ಪಂದ್ಯಕ್ಕೆ ಹೋಗ್ಬೇಕು. ಆರು ಸುತ್ತೂ ನಡೀಬೇಕು. ಎಲ್ಲರ ಎದುರಿಗೆ ಕಟ್ಟಕಡೆಯವರಾಗಿ ಬರ್ಬೇಕು. ನಿಮ್ಮ ತಂಗೀನೂ ಹೆಸರು ಕೊಟ್ಟು ಜೊತೆಗೆ ನಡೀಲಿ, ಮೋಸ ಆಗದ ಹಾಗೆ ನೋಡ್ಕೊಳ್ಲಿ.”

ಗೆಲ್ಲುವುದು ಕಷ್ಟ ಎಂದು ಅಕ್ಕನಿಗೆ ಗೊತ್ತಿತ್ತು. ಸೋಲುವುದು ಅದಕ್ಕಿಂತ ಕಷ್ಟ ಎಂದು ಭಾನುವಾರ ಗೊತ್ತಾಯಿತು. ಏಕೆಂದರೆ ಆ ಪಂದ್ಯದ ಕೊನೆಯ ಸ್ಥಾನ ಹನ್ನೊಂದು ವರ್ಷದಿಂದ ಗಡಿಯಾರ ರಿಪೇರಿಯ ತಾತನ ಸ್ವತ್ತು. ಎಂಬತ್ತಮೂರು ವರ್ಷ. ಅವರು ಕೊನೆಗೆ ಬರುವಾಗ ಮೈದಾನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು, ಅವರು ಟೋಪಿ ತೆಗೆದು ಬೀಸುತ್ತಿದ್ದರು. ಅಂಥವರು ಸುಮ್ಮನೆ ಬಿಟ್ಟುಕೊಡುತ್ತಾರೆಯೇ? ಅಕ್ಕ ನಿಧಾನಿಸಿದರೆ ಅವರೂ ನಿಧಾನಿಸಿದರು. ಅಕ್ಕ ಶೂ ದಾರ ಕಟ್ಟಲು ಕೂತರೆ ಅವರು ಕನ್ನಡಕ ಒರೆಸಲು ನಿಂತರು. “ಮುಂದೆ ನಡಿಯಮ್ಮ, ನಾಚಿಕೆ ಪಡಬೇಡ,” ಎಂದು ಪ್ರೋತ್ಸಾಹಿಸಿದರು. ಉಳಿದವರೆಲ್ಲ ಮುಗಿಸಿ ಹಣ್ಣು ತಿನ್ನುತ್ತಿದ್ದಾಗ ಈ ಮೂವರದು ಇನ್ನೂ ನಾಲ್ಕನೆಯ ಸುತ್ತು. ಕೊನೆಗೆ ಅಕ್ಕ ಕೈಮುಗಿದು, ತಾತ, ಇದು ನನಗೆ ಶಿಕ್ಷೆ ಎಂದು ಹೇಳಿಬಿಟ್ಟಳು. ತಾತ ಅವಳ ಮುಖ ಒಂದು ಕ್ಷಣ ನೋಡಿ, ಮುನಿಸಿಕೊಂಡವರ ಹಾಗೆ ಬಿರಬಿರನೆ ಮುಂದೆ ನಡೆದುಹೋದರು. ಅಷ್ಟು ಬೇಗ ನಡೆಯಬಲ್ಲರು ಎಂದು ಊರಿಗೆ ಅವತ್ತೇ ಗೊತ್ತಾದದ್ದು.

ಅಕ್ಕ ತಂಗಿ ಇಬ್ಬರೇ ಉಳಿದರು.

“ಒಂದು ಕೇಳ್ತೀನಿ, ನಿಜ ಹೇಳು,” ಎಂದಳು ಅಕ್ಕ. “ಕಾಲು ಬಿಸಿ ಇಲ್ಲದಿದ್ರೆ ಒತ್ತುತಿದ್ಯಾ?”

ಎಷ್ಟು ಜನಕ್ಕೆ ಎಷ್ಟು ಪ್ರಶ್ನೆ ಕೇಳಿದ್ದಳು! ನಿಜ ಹೇಳಿ, ನಿಜ ಹೇಳಿ ಎಂದು ಎಷ್ಟು ಜನರ ತಲೆ ತಿಂದಿದ್ದಳು. ಈಗ ಉತ್ತರ ಕೊಡುವ ಸರದಿ ಅವಳದು.

“ಹೂಂ. ಒತ್ತುತಿದ್ದೆ.”

ಅಕ್ಕ ನಡೆಯುತ್ತಲೇ ಇದ್ದಳು. ಆಮೇಲೆ ತಂಗಿಯ ಮುಂಗೈ ಹಿಡಿದುಕೊಂಡು, “ನನ್ನ ಮಾತನ್ನ ನೀನು ಅಷ್ಟೊಂದು ಕೇಳ್ಬಾರ್ದಾಗಿತ್ತು ಕಣೇ,” ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ತಂಗಿಗೂ ಅಷ್ಟೇ.

ಗೆರೆಗೆ ಎರಡು ಹೆಜ್ಜೆಯಿರುವಾಗ ವಕೀಲಮ್ಮ ಅಕ್ಕನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದಳು. ತಾನು ಆಮೇಲೆ ದಾಟಿದಳು. ಫೋನ್ ಬಡಿದುಕೊಂಡಿತು.

“ಕೊನೆಗೆ ಬಂದೋರು ಯಾರು?” ಡ್ರಿಲ್ ಟೀಚರ್.

“ನಾನು.”

“ನೀನಾ? ನಾನು ಹೇಳಿದ್ದು ನಿಮ್ಮಕ್ಕನಿಗೆ.”

“ನಾನೂ ಒತ್ತೋಳಿದ್ದೆ,” ಎಂದಳು ವಕೀಲಮ್ಮ. “ಫೋನಲ್ಲಿ ನಿಮಗೆ ಒಂದು ಪ್ರಶ್ನೇನೂ ಕೇಳ್ಲಿಲ್ಲ ನೋಡಿ, ಅದು ಮರೆತಿದ್ದಲ್ಲ. ಬೇಕಂತ್ಲೇ ಕೇಳ್ಲಿಲ್ಲ. ಎಣ್ಣೇನೂ ಹಚ್ಕೊಂಡಿದ್ದೆ.”

ಆ ಕಡೆ ಆಸ್ಪತ್ರೆಯ ತಳ್ಳುಗಾಡಿಯೊಂದು ಗಡಗಡ ಎಂದು ಹಾದುಹೋದದ್ದು ಕೇಳಿಸಿತು.

“ಹಾಗಾದ್ರೆ ನೀನು ಇನ್ನೊಂದು ಸುತ್ತು ಹಾಕು,” ಎಂದರು ಡ್ರಿಲ್ ಟೀಚರ್ ಕೊನೆಗೆ. ದನಿ ಸ್ವಲ್ಪ ಒಡೆದಿತ್ತು. “ಬೆನ್ನು ನೆಟ್ಟಗಿರಲಿ. ಫೋನ್ ಇಡಬೇಡ, ನಾನು ಎಣಿಸ್ತೀನಿ.”

ಮೈದಾನದವರು ಹಗ್ಗ ಸುತ್ತಿಕೊಳ್ಳುತ್ತಿದ್ದರು. ವಕೀಲಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಮತ್ತೆ ಗೆರೆ ದಾಟಿ ನಡೆಯತೊಡಗಿದಳು. ಆ ಕಡೆಯಿಂದ ಒಂದು, ಎರಡು, ಒಂದು, ಎರಡು ಎಂದು ಎಣಿಕೆ ಬರತೊಡಗಿತು.